ಸೆಲ್ಫ್ ಲೋಡಿಂಗ್ ರೈಫಲ್‌ಗೆ ಕೈ ಯಾಕೆ ಹಚ್ಚಬೇಕು?

ಧಾರವಾಡದಲ್ಲಿ ದೊಡ್ಡ ಸಾಹಿತಿಯೋ ಸಂಗೀತಗಾರರೋ ತೀರಿಕೊಂಡರೆ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯುತ್ತದೆ. ಪೊಲೀಸರು ಸಾಲಾಗಿ ನಿಂತು ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿಸುತ್ತಾರೆ. ಹತ್ತಿರದಿಂದ ನೋಡಿದವರು ಕಡಿಮೆ, ಟಿವಿಯಲ್ಲಿ ನೋಡಿದವರೇ ಜಾಸ್ತಿ. ಮುಂದಿನ ಸಲ ನೋಡುವಾಗ ಅವರ ಕೈ ಗಮನಿಸಿ. ಒಂದು ಸುತ್ತು ಹಾರಿದ ಕೂಡಲೇ ಎಲ್ಲರೂ ರೈಫಲ್‌ನ ಹಿಡಿಕೆಯನ್ನು ಹಿಂದಕ್ಕೆ ಎಳೆದು ಬಿಡುತ್ತಾರೆ. ಆಮೇಲೆ ಎರಡನೇ ಸುತ್ತು. ಮತ್ತೆ ಎಳೆಯುತ್ತಾರೆ.

ಕೈಯಲ್ಲಿ ಹಳೇ 303 ರೈಫಲ್ ಇದ್ದರೆ ಇದರಲ್ಲಿ ವಿಶೇಷ ಏನೂ ಇಲ್ಲ. ಅದು ಬೋಲ್ಟ್ ರೈಫಲ್. ಪ್ರತಿ ಗುಂಡಿಗೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. ಆದರೆ ಎಸ್‌ಎಲ್‌ಆರ್ ಇದ್ದಾಗಲೂ ಹಾಗೇ ಎಳೆಯುತ್ತಾರೆ. ಎಸ್‌ಎಲ್‌ಆರ್ ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ತಾನೇ ಲೋಡ್ ಆಗುತ್ತದೆ ಅಂತ ಹೆಸರಲ್ಲೇ ಇದೆ. ಹಾಗಾದ್ರೆ ಕೈ ಯಾಕೆ ಬೇಕು?

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಎನ್‌ಸಿಸಿ ಹುಡುಗರು ಈ ಪ್ರಶ್ನೆ ಕೇಳಿದರೆ ಅವರು ಕೊಡುವ ಉತ್ತರ ಒಂದೇ ಸಾಲು: "ಗುಂಡ ಇಲ್ಲಲ್ಲೋ ಅದರಾಗ, ಗ್ಯಾಸ್ ಎಲ್ಲಿ ನಿಲ್ಲತೈತಿ?" ಅರ್ಧ ವಿಷಯ ಈ ಸಾಲಿನಲ್ಲೇ ಇದೆ. ಉಳಿದರ್ಧವನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ಗುಂಡು ಹಾರಿದ ಮೇಲೆ ಮುಂದಿನ ಗುಂಡು ಹಾರಲು ಏನೇನು ಆಗಬೇಕು? ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಗೂಡಿಗೆ ಚೇಂಬರು ಅನ್ನುತ್ತಾರೆ. ಅದರ ಬಾಗಿಲಿನಂತಿರುವ ಬೋಲ್ಟ್‌ನ ಬೀಗ ಬಿಚ್ಚಬೇಕು. ಬೋಲ್ಟ್ ಹಿಂದೆ ಬರಬೇಕು. ಬರುವಾಗ ಖಾಲಿ ಕೇಸನ್ನು, ಅಂದರೆ ಮದ್ದು ತುಂಬಿದ್ದ ಹಿತ್ತಾಳೆಯ ಕವಚವನ್ನು, ಎಳೆದು ಹೊರಗೆ ಎಸೆಯಬೇಕು. ಟ್ರಿಗರ್ ಒತ್ತಿದಾಗ ಬಡಿಯುವ ಹ್ಯಾಮರ್ ಮತ್ತೆ ಸಜ್ಜಾಗಬೇಕು. ನಂತರ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ತಳ್ಳಬೇಕು, ಅದು ಮ್ಯಾಗಜಿನ್‌ನಿಂದ ಹೊಸ ಗುಂಡನ್ನು ಚೇಂಬರಿಗೆ ತಳ್ಳಿ ಮತ್ತೆ ಬೀಗ ಹಾಕಿಕೊಳ್ಳಬೇಕು. ಬೋಲ್ಟ್ ರೈಫಲ್‌ನಲ್ಲಿ ಈ ಕೆಲಸವನ್ನೆಲ್ಲ ಕೈ ಮಾಡುತ್ತದೆ. ಎಸ್‌ಎಲ್‌ಆರ್‌ನಂಥ ಸೆಮಿ ಆಟೋಮ್ಯಾಟಿಕ್‌ನಲ್ಲಿ ಇದು ತಾನಾಗೇ ಆಗುತ್ತದೆ, ಆದರೆ ಟ್ರಿಗರ್ ಒಮ್ಮೆ ಒತ್ತಿದರೆ ಒಂದೇ ಗುಂಡು. (ನಮ್ಮ ದೇಶದಲ್ಲಿ ಇಂಥ ರೈಫಲ್ ಸಾಮಾನ್ಯ ಜನರಿಗೆ ಲೈಸೆನ್ಸ್ ಸಿಗದ ಸಾಲಿನಲ್ಲಿದೆ. ಹಳ್ಳಿಗಳಲ್ಲಿ ಬೆಳೆ ಕಾಯಲು ಇಟ್ಟುಕೊಂಡು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಬಂದೂಕುಗಳ ಜಾತಿಯೇ ಬೇರೆ.)

ಈ ಕೆಲಸಕ್ಕೆಲ್ಲ ಶಕ್ತಿ ಬೇಕಲ್ವಾ? ಅದು ಬರುವುದು ಗುಂಡನ್ನು ತಳ್ಳುವ ಗ್ಯಾಸಿನಿಂದಲೇ. ಈ ಆಲೋಚನೆಯ ಹಿಂದೆ ಒಂದು ಚೆಂದದ ಕಥೆ ಇದೆ. 1889ರಲ್ಲಿ ಅಮೆರಿಕದ ಯೂಟಾದಲ್ಲಿ ಗುರಿ ಹೊಡೆಯುವುದನ್ನು ನೋಡುತ್ತಿದ್ದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರತಿ ಗುಂಡು ಹಾರಿದಾಗಲೂ ಬಂದೂಕಿನ ಬಾಯಿಯ ಮುಂದಿನ ಹುಲ್ಲು ಬಗ್ಗುತ್ತಿತ್ತು. ಇಷ್ಟು ಶಕ್ತಿ ಸುಮ್ನೆ ಗಾಳಿಗೆ ಹೋಗುತ್ತಿದೆಯಲ್ಲ ಅಂತ ಅವನಿಗೆ ಅನಿಸಿತು. ಅದೇ ಆಲೋಚನೆ ಬೆಳೆದು 1895ರ ಕೋಲ್ಟ್-ಬ್ರೌನಿಂಗ್ ಮಶಿನ್ ಗನ್ ಆಯಿತು. ಅದರ ನಳಿಕೆಯ ಕೆಳಗಿದ್ದ ಸನ್ನೆಕೋಲು ಪ್ರತಿ ಗುಂಡಿಗೂ ಕೆಳಕ್ಕೆ ಬೀಸುತ್ತಿತ್ತು. ಗನ್ನನ್ನು ನೆಲಕ್ಕೆ ಹತ್ತಿರ ಇಟ್ಟರೆ ಮಣ್ಣು ಅಗೆಯುತ್ತಿತ್ತು. ಸೈನಿಕರು ಅದಕ್ಕೆ ಆಲೂಗಡ್ಡೆ ಅಗೆಯುವ ಯಂತ್ರ ಅಂತ ಅಡ್ಡಹೆಸರಿಟ್ಟರು.

ಈಗಿನ ರೈಫಲ್‌ಗಳಲ್ಲಿ ಸನ್ನೆಕೋಲು ಇಲ್ಲ. ನಳಿಕೆಯಲ್ಲೇ, ಬಾಯಿಗಿಂತ ಸ್ವಲ್ಪ ಹಿಂದೆ, ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಗ್ಯಾಸ್ ಪೋರ್ಟ್ ಅನ್ನುತ್ತಾರೆ. ಟ್ರಿಗರ್ ಒತ್ತಿದಾಗ ಮದ್ದು ಉರಿದು ಚೇಂಬರಿನಲ್ಲಿ ವಾತಾವರಣದ ಒತ್ತಡದ ಸುಮಾರು 3,500ರಿಂದ 4,000 ಪಟ್ಟು ಒತ್ತಡ ಏಳುತ್ತದೆ. ಅದು ಗುಂಡನ್ನು ಮುಂದೆ ನೂಕುತ್ತದೆ. ಗುಂಡು ತೂತನ್ನು ದಾಟಿದ ಕ್ಷಣದಲ್ಲಿ ಅದರ ಹಿಂದಿರುವ ಗ್ಯಾಸಿಗೆ ಇನ್ನೊಂದು ದಾರಿ ಸಿಗುತ್ತದೆ. ಒಂದಿಷ್ಟು ಗ್ಯಾಸ್ ಆ ತೂತಿನಿಂದ ಮೇಲಕ್ಕೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಹೊಡೆಯುತ್ತದೆ. ಪಿಸ್ಟನ್ ಬೋಲ್ಟನ್ನು ಹೊತ್ತಿರುವ ಭಾಗವನ್ನು, ಅಂದರೆ ಕ್ಯಾರಿಯರನ್ನು, ಹಿಂದಕ್ಕೆ ತಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ್ದು ಗುಂಡಿನ ಎರಡನೇ ಕೆಲಸ. ಅದು ಗುರಿಗೆ ಹೋಗುವುದು ಸರಿ. ಹೋಗುವ ಮುಂಚೆ ನಳಿಕೆಯ ಬಿರಡೆಯಾಗಿಯೂ ಇರುತ್ತದೆ. ವಾರಗಟ್ಟಲೆ ಕಾದು ನಲ್ಲಿ ನೀರು ಹಿಡಿಯುವ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ವಿವರಿಸುವುದು ಸುಲಭ. ತೂತು ಬಿದ್ದ ಪೈಪಿನ ತುದಿ ತೆರೆದಿದ್ದರೆ ನೀರೆಲ್ಲ ತುದಿಯಿಂದಲೇ ಹೋಗುತ್ತದೆ, ತೂತಿನಿಂದ ಬರೀ ಜಿನುಗುತ್ತದೆ. ತುದಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ತೂತಿನಿಂದ ನೀರು ಚಿಮ್ಮಿ ಮುಖಕ್ಕೆ ಹೊಡೆಯುತ್ತದೆ. ರೈಫಲ್‌ನಲ್ಲಿ ಆ ಹೆಬ್ಬೆರಳೇ ಗುಂಡು.

ಗೌರವ ಸೂಚಿಸಲು ಹಾರಿಸುವುದು ಬ್ಲ್ಯಾಂಕ್. ಮದ್ದು ಇರುತ್ತದೆ, ಸದ್ದು ಇರುತ್ತದೆ, ಮುಂದೆ ಗುಂಡು ಇರುವುದಿಲ್ಲ. ಬಿರಡೆ ಇಲ್ಲದ್ದರಿಂದ ಗ್ಯಾಸ್ ತೆರೆದ ಬಾಯಿಯಿಂದ ಸೀದಾ ಹೊರಗೆ ಹೋಗುತ್ತದೆ. ಗ್ಯಾಸ್ ಪೋರ್ಟಿನ ಹತ್ತಿರ ಒತ್ತಡ ನಿಲ್ಲುವುದಿಲ್ಲ, ಪಿಸ್ಟನ್ ಮಿಸುಕುವುದಿಲ್ಲ. ಅದಕ್ಕೇ ಕೈಯಿಂದ ಎಳೆಯಬೇಕು. ಸೈನ್ಯದ ಕವಾಯತು ಯುದ್ಧಗಳಲ್ಲಿ ಬ್ಲ್ಯಾಂಕ್ ಹಾರಿಸುತ್ತಾ ರೈಫಲ್ ತಾನೇ ಓಡಬೇಕು ಅಂದರೆ ನಳಿಕೆಯ ಬಾಯಿಗೆ ಒಂದು ಸಾಧನ ಕೂರಿಸುತ್ತಾರೆ. ಅದು ಬಾಯಿಯನ್ನು ಬಹುಪಾಲು ಮುಚ್ಚಿ ಸಣ್ಣ ರಂಧ್ರ ಮಾತ್ರ ಬಿಡುತ್ತದೆ. ಅದನ್ನು ಹಾಕಿಕೊಂಡು ಅಪ್ಪಿತಪ್ಪಿ ನಿಜವಾದ ಗುಂಡು ಹಾರಿಸಿದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಅದಕ್ಕೇ ಅದಕ್ಕೆ ದೂರದಿಂದಲೇ ಕಾಣುವಂಥ ಬಣ್ಣ ಬಳಿಯುವುದು ರೂಢಿ.

ಇನ್ನು ಸಮಯದ ಲೆಕ್ಕ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಬೆರಗು ತರಿಸುವುದು ಇದೇ. ಗುಂಡು ನಳಿಕೆಯೊಳಗೆ ಇರುವುದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ಅದು ಗ್ಯಾಸ್ ಪೋರ್ಟ್ ದಾಟಿದ ಮೇಲೆ ಬಾಯಿ ತಲುಪುವವರೆಗಿನ ಸಮಯ ಇನ್ನೂ ಕಡಿಮೆ. ತೂತಿನಿಂದ ಬಾಯಿಗೆ 18 ಸೆಂಟಿಮೀಟರ್ ಇದೆ, ಗುಂಡು ಸೆಕೆಂಡಿಗೆ 900 ಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಆ ದೂರ ದಾಟಲು ಬೇಕಾದದ್ದು ಸೆಕೆಂಡಿನ 5,000ದಲ್ಲಿ ಒಂದು ಭಾಗ. ಪೋರ್ಟಿಗೆ ಪೂರ್ತಿ ಒತ್ತಡ ಸಿಗುವುದು ಅಷ್ಟೇ ಹೊತ್ತು. ಗುಂಡು ಹೊರಬಿದ್ದ ಕೂಡಲೇ ಒತ್ತಡ ಕುಸಿಯುತ್ತದೆ.

ಆದರೆ ಬೋಲ್ಟ್ ಹಿಂದೆ ಹೋಗಿ ಮುಂದೆ ಬರಲು ಇದರ ನೂರಾರು ಪಟ್ಟು ಸಮಯ ಬೇಕು. ಪೂರ್ತಿ ಆಟೋಮ್ಯಾಟಿಕ್‌ನಲ್ಲಿ, ಟ್ರಿಗರ್ ಒತ್ತಿ ಹಿಡಿದೇ ಇದ್ದರೆ, ಎಕೆ-47 ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುತ್ತದೆ. ಅಂದರೆ ಒಂದು ಸುತ್ತಿನ ಕೆಲಸಕ್ಕೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ. ಹಾಗಾಗಿ ಗ್ಯಾಸ್ ಬೋಲ್ಟನ್ನು ಕೊನೇತನಕ ತಳ್ಳಿಕೊಂಡು ಹೋಗುತ್ತದೆ ಅನ್ನೋದು ತಪ್ಪು ಕಲ್ಪನೆ. ಅದು ಕೊಡುವುದು ಒಂದು ಹೊಡೆತ ಮಾತ್ರ. ಉಳಿದ ದಾರಿಯನ್ನು ಕ್ಯಾರಿಯರ್ ತನ್ನ ತೂಕ ಮತ್ತು ವೇಗದ ಮೇಲೆ ಸಾಗುತ್ತದೆ. ವಾಪಸ್ ತರುವುದು ಸ್ಪ್ರಿಂಗ್. ಇಷ್ಟು ಗೊತ್ತಾದರೆ ಗ್ಯಾಸ್ ರೈಫಲ್‌ಗಳ ಎಲ್ಲ ತಕರಾರುಗಳೂ ಎರಡೇ ಪ್ರಶ್ನೆಗೆ ಇಳಿಯುತ್ತವೆ. ಹೊಡೆತ ಎಷ್ಟು ಜೋರಾಗಿತ್ತು? ಯಾವಾಗ ಬಿತ್ತು?

ಎರಡನೆಯದನ್ನು ಮೊದಲು ನೋಡೋಣ, ಯಾಕಂದ್ರೆ ಅದನ್ನು ಜನ ಮರೆಯುತ್ತಾರೆ. ಹಿತ್ತಾಳೆಯ ಕೇಸನ್ನು ಕೈಯಲ್ಲಿ ಹಿಡಿದರೆ ಗೋಡೆ ಎಷ್ಟು ತೆಳು ಅನ್ನಿಸುತ್ತದೆ. ಒಳಗೆ ಒತ್ತಡ ಎದ್ದಾಗ ಅದು ಹಿಗ್ಗಿ ಚೇಂಬರಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗ್ಯಾಸ್ ಹಿಂದಕ್ಕೆ, ಹಾರಿಸುವವರ ಮುಖದ ಕಡೆಗೆ, ಬರದಂತೆ ತಡೆಯುವುದೇ ಈ ಅಂಟು. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಕುಗ್ಗಿ ಗೋಡೆ ಬಿಡುತ್ತದೆ. ಆಗ ಎಳೆದರೆ ಸಲೀಸಾಗಿ ಬರುತ್ತದೆ. ಆದರೆ ಹೊಡೆತ ಬೇಗ ಬಿದ್ದು, ಒತ್ತಡ ಇಳಿಯುವ ಮುಂಚೆಯೇ ಬೋಲ್ಟ್‌ನ ಬೀಗ ಬಿಚ್ಚಿಕೊಂಡರೆ? ಕೇಸ್ ಇನ್ನೂ ಗೋಡೆ ಹಿಡಿದಿರುತ್ತದೆ, ಬೋಲ್ಟ್‌ನ ಕೊಕ್ಕೆ ಅದರ ಅಂಚನ್ನು ಹಿಡಿದು ಜಗ್ಗುತ್ತದೆ. ಅಂಚು ಬಾಗುತ್ತದೆ, ಕೆಲವೊಮ್ಮೆ ಕಿತ್ತೇ ಬರುತ್ತದೆ. ಕೇಸ್ ಒಳಗೇ ಉಳಿದು ರೈಫಲ್ ನಿಂತುಬಿಡುತ್ತದೆ. ಇದನ್ನು ತಪ್ಪಿಸಲಿಕ್ಕೇ ಕ್ಯಾರಿಯರ್ ಮೊದಲ ಕೆಲವು ಮಿಲಿಮೀಟರ್ ಬರೀ ತಾನೊಂದೇ ಚಲಿಸುವಂತೆ ಮಾಡಿರುತ್ತಾರೆ. ಆ ಪುಟ್ಟ ಬಿಡುವಿನಲ್ಲಿ ಗುಂಡು ಹೊರಗೆ ಹೋಗಿ ಒತ್ತಡ ಇಳಿದಿರುತ್ತದೆ. ಆಮೇಲಷ್ಟೇ ಬೋಲ್ಟ್ ತಿರುಗಿ, ಇಲ್ಲವೇ ಎಸ್‌ಎಲ್‌ಆರ್‌ನಲ್ಲಾದಂತೆ ಮೇಲಕ್ಕೆ ಓರೆಯಾಗಿ, ಬೀಗ ಬಿಡುತ್ತದೆ.

ಇನ್ನು ಜೋರಿನ ಪ್ರಶ್ನೆ. ಕಾಕಾನ ಮಾತಿನಲ್ಲೇ ಹೇಳಿದರೆ: "ಗ್ಯಾಸ್ ಕಡಿಮಿ ಆದ್ರ ಹಿಂದ ಬರಂಗಿಲ್ಲ, ಜಾಸ್ತಿ ಆದ್ರ ಮಾತ ಕೇಳಂಗಿಲ್ಲ."

ಕಡಿಮೆಯಾದಾಗ ಕ್ಯಾರಿಯರ್ ಪೂರ್ತಿ ಹಿಂದೆ ಬರದೆ ನಡುದಾರಿಯಿಂದಲೇ ತಿರುಗುತ್ತದೆ. ಖಾಲಿ ಕೇಸ್ ದೂರ ಹಾರುವುದಿಲ್ಲ, ಕಾಲ ಬುಡದಲ್ಲೇ ಬೀಳುತ್ತದೆ. ಇಲ್ಲವೇ ಹೊರಹೋಗುವ ಕಿಂಡಿಯಲ್ಲೇ ಬೋಲ್ಟಿಗೆ ಸಿಕ್ಕಿ ನೆಟ್ಟಗೆ ನಿಂತುಬಿಡುತ್ತದೆ. ಇನ್ನೊಮ್ಮೆ ಕೇಸ್ ಹೊರಗೇನೋ ಹೋಗುತ್ತದೆ, ಆದರೆ ಬೋಲ್ಟ್ ಮುಂದಿನ ಗುಂಡಿನ ಹಿಂದಕ್ಕೆ ತಲುಪಿರುವುದಿಲ್ಲ. ಖಾಲಿ ಚೇಂಬರಿನ ಮೇಲೆ ಬಾಗಿಲು ಮುಚ್ಚುತ್ತದೆ. ಟ್ರಿಗರ್ ಒತ್ತಿದರೆ ಬರೀ 'ಟಕ್'. ಕಾರಣ ಹಲವು ಇರಬಹುದು. ತೂತಿನಲ್ಲಿ ಮಸಿ ಕಟ್ಟಿರಬಹುದು, ಪಿಸ್ಟನ್ ಪಕ್ಕದಿಂದ ಗ್ಯಾಸ್ ಸೋರುತ್ತಿರಬಹುದು, ಮದ್ದಿನ ಶಕ್ತಿ ಕಡಿಮೆ ಇರಬಹುದು, ಎಣ್ಣೆ ಚಳಿಗೆ ಗಟ್ಟಿಯಾಗಿರಬಹುದು.

ಜಾಸ್ತಿಯಾದಾಗಿನ ಕಥೆ ಹೆಚ್ಚು ಮೋಸದ್ದು. ರೈಫಲ್ ಓಡುತ್ತಿರುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅನಿಸುತ್ತದೆ. ಆದರೆ ಕ್ಯಾರಿಯರ್ ಹಿಂದಿನ ಗೋಡೆಗೆ ಜೋರಾಗಿ ಬಡಿಯುತ್ತದೆ, ಹೆಗಲಿಗೆ ಧಕ್ಕೆ ಹೆಚ್ಚುತ್ತದೆ, ಭಾಗಗಳು ಬೇಗ ಸವೆಯುತ್ತವೆ. ಒಂದು ಹಂತ ದಾಟಿದರೆ ಬೋಲ್ಟ್ ಎಷ್ಟು ಬೇಗ ವಾಪಸಾಗುತ್ತದೆಂದರೆ, ಅಷ್ಟರೊಳಗೆ ಮ್ಯಾಗಜಿನ್ ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲಕ್ಕೆ ಎತ್ತಿರುವುದೇ ಇಲ್ಲ. ಮತ್ತೆ ಅದೇ ಖಾಲಿ ಚೇಂಬರು, ಅದೇ 'ಟಕ್'. ಕಡಿಮೆ ಗ್ಯಾಸ್ ಮತ್ತು ಜಾಸ್ತಿ ಗ್ಯಾಸ್ ಎರಡರ ಲಕ್ಷಣವೂ ಒಮ್ಮೊಮ್ಮೆ ಒಂದೇ ಥರ ಕಾಣುವುದು ಇದಕ್ಕೇ. ತೊಂದರೆ ಹುಡುಕುವವರು ಮೊದಲು ಖಾಲಿ ಕೇಸುಗಳು ಎಲ್ಲಿ ಬಿದ್ದಿವೆ, ಅವುಗಳ ಅಂಚು ಹೇಗಿದೆ ಅಂತ ನೋಡುತ್ತಾರೆ.

ತೂತು ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಚೇಂಬರಿಗೆ ಹತ್ತಿರ ಇದ್ದಷ್ಟೂ ಅಲ್ಲಿನ ಒತ್ತಡ ಜಾಸ್ತಿ, ಬಿಸಿ ಜಾಸ್ತಿ. ಅಮೆರಿಕದ ಎಂ16 ರೈಫಲ್‌ನ ನಳಿಕೆ 20 ಇಂಚು. ಅದನ್ನೇ ಗಿಡ್ಡ ಮಾಡಿದ ಎಂ4 ಕಾರ್ಬೈನ್‌ನದು 14.5 ಇಂಚು. ನಳಿಕೆ ಗಿಡ್ಡ ಮಾಡಿದಾಗ ತೂತನ್ನೂ ಹಿಂದಕ್ಕೆ ಸರಿಸಲೇಬೇಕಾಯಿತು, ಇಲ್ಲದಿದ್ದರೆ ಗುಂಡು ಬಿರಡೆಯಾಗಿ ನಿಲ್ಲುವ ಸಮಯವೇ ಸಿಗುತ್ತಿರಲಿಲ್ಲ. ಪರಿಣಾಮವಾಗಿ ಎಂ4ನಲ್ಲಿ ಹೊಡೆತ ಬೇಗ ಬೀಳುತ್ತದೆ, ಜೋರಾಗಿಯೂ ಬೀಳುತ್ತದೆ. ಗಿಡ್ಡ ರೈಫಲ್ ಅಂದರೆ ಮೃದು ರೈಫಲ್ ಅಂದುಕೊಳ್ಳುವವರಿಗೆ ಇದು ಉಲ್ಟಾ ಅನಿಸಬಹುದು.

ಮದ್ದು ಬದಲಾದರೂ ಅಷ್ಟೇ ಫಜೀತಿ. ಎರಡು ಬಗೆಯ ಮದ್ದು ಗುಂಡಿಗೆ ಒಂದೇ ವೇಗ ಕೊಡಬಹುದು. ಆದರೆ ನಿಧಾನವಾಗಿ ಉರಿಯುವ ಮದ್ದು ಗುಂಡು ತೂತಿನ ಹತ್ತಿರ ಬಂದಾಗಲೂ ಹೆಚ್ಚು ಒತ್ತಡ ಉಳಿಸಿಕೊಂಡಿರುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಇದಕ್ಕೆ ದುಬಾರಿ ಬೆಲೆ ತೆತ್ತಿತು. ಎಂ16 ಅನ್ನು ಒಂದು ಬಗೆಯ ಮದ್ದಿನ ಮೇಲೆ ಹೊಂದಿಸಲಾಗಿತ್ತು. ಸೈನಿಕರ ಕೈಗೆ ಬಂದದ್ದು ಇನ್ನೊಂದು ಬಗೆಯ, ಗೋಲಿ ಆಕಾರದ ಮದ್ದು. ಪೋರ್ಟಿನ ಒತ್ತಡ ಏರಿತು, ಬೋಲ್ಟ್‌ನ ವೇಗ ಏರಿತು, ಒಳಗೆ ಮಸಿಯೂ ಹೆಚ್ಚಿತು. ಚೇಂಬರಿಗೆ ಆಗ ಕ್ರೋಮ್ ಲೇಪನ ಇರಲಿಲ್ಲ. ಸಾಲದ್ದಕ್ಕೆ ಈ ರೈಫಲ್‌ಗೆ ಸ್ವಚ್ಛ ಮಾಡುವ ಅಗತ್ಯ ಕಡಿಮೆ ಅಂತ ಹಬ್ಬಿಸಿ, ಸಲಕರಣೆಯನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಖಾಲಿ ಕೇಸುಗಳು ಚೇಂಬರಿನಲ್ಲೇ ಸಿಕ್ಕಿಕೊಂಡವು. ಎಷ್ಟೋ ಸೈನಿಕರು ಕೆಟ್ಟು ನಿಂತ ರೈಫಲ್ ಹಿಡಿದೇ ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಇದನ್ನು ತನಿಖೆ ಮಾಡಿತು. ಗ್ಯಾಸ್ ವ್ಯವಸ್ಥೆ ಅಂದರೆ ಬರೀ ತೂತು-ಪಿಸ್ಟನ್ ಅಲ್ಲ, ಮದ್ದು, ಸ್ಪ್ರಿಂಗ್, ತೂಕ ಎಲ್ಲ ಸೇರಿದ ಒಂದೇ ಲೆಕ್ಕ ಅನ್ನೋದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಆ ಎಂ16ನ ವ್ಯವಸ್ಥೆಯೇ ಬೇರೆ ಥರದ್ದು. ಯೂಜೀನ್ ಸ್ಟೋನರ್ ವಿನ್ಯಾಸದಲ್ಲಿ ನಳಿಕೆಯ ಮೇಲೆ ಪಿಸ್ಟನ್ ಇಲ್ಲ. ಸಣ್ಣ ಸ್ಟೀಲ್ ಕೊಳವೆಯೊಂದು ಗ್ಯಾಸನ್ನು ಸೀದಾ ಹಿಂದಕ್ಕೆ, ಕ್ಯಾರಿಯರ್ ಒಳಗೇ ತರುತ್ತದೆ. ಅಲ್ಲಿ ಬೋಲ್ಟ್‌ನ ಬಾಲವೇ ಪಿಸ್ಟನ್‌ನ ಕೆಲಸ ಮಾಡುತ್ತದೆ. ರೈಫಲ್ ಹಗುರವಾಗುತ್ತದೆ, ನಳಿಕೆಗೆ ತೂಗುಹಾಕಿದ ಭಾರ ಇಲ್ಲದ್ದರಿಂದ ಗುರಿ ಚೆನ್ನಾಗಿರುತ್ತದೆ. ಆದರೆ ಬಿಸಿಯೂ ಮಸಿಯೂ ಒಳಮನೆಗೇ ಬರುತ್ತವೆ.

ಎಕೆಯಲ್ಲಿ ಉದ್ದ ಹೊಡೆತದ ಪಿಸ್ಟನ್ ಇದೆ. ಪಿಸ್ಟನ್ ಮತ್ತು ಕ್ಯಾರಿಯರ್ ಒಂದಕ್ಕೊಂದು ಜೋಡಿಸಿಕೊಂಡೇ ಕೊನೇತನಕ ಹಿಂದೆ ಬರುತ್ತವೆ. ಓಡಾಡುವ ತೂಕ ಜಾಸ್ತಿ, ಹಾಗಾಗಿ ಧೂಳು, ಕೆಸರು, ಮಸಿಯನ್ನೆಲ್ಲ ದಬ್ಬಿಕೊಂಡು ಹೋಗುತ್ತದೆ. ಅದೇ ತೂಕ ಪ್ರತಿ ಗುಂಡಿಗೂ ರೈಫಲನ್ನು ಅಲುಗಿಸುತ್ತದೆ ಕೂಡ. ಎಸ್‌ಎಲ್‌ಆರ್‌ನಲ್ಲಿ ಗಿಡ್ಡ ಹೊಡೆತದ ಪಿಸ್ಟನ್. ಅದು ಸ್ವಲ್ಪ ದೂರ ಬಂದು ಕ್ಯಾರಿಯರ್‌ಗೆ ಒಂದು ಗುದ್ದು ಕೊಟ್ಟು ನಿಲ್ಲುತ್ತದೆ. ಗಿಡ್ಡ ಅಂದರೆ ಎಷ್ಟು ಗಿಡ್ಡ ಇರಬಹುದು? ಎರಡನೇ ಮಹಾಯುದ್ಧದ ಅಮೆರಿಕದ ಎಂ1 ಕಾರ್ಬೈನ್‌ನಲ್ಲಿ ಪಿಸ್ಟನ್ ಚಲಿಸುವುದು ಹೆಚ್ಚುಕಡಿಮೆ ಮೂರೂವರೆ ಮಿಲಿಮೀಟರ್.

ಎಸ್‌ಎಲ್‌ಆರ್‌ನಲ್ಲಿ ನನಗೆ ಇಷ್ಟವಾಗುವ ಭಾಗ ಅದರ ಗ್ಯಾಸ್ ರೆಗ್ಯುಲೇಟರ್. ಮೂಲ ವಿನ್ಯಾಸ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಡ್ಯೂಡೊನೆ ಸೇವ್ ಅವರದು. ನಮ್ಮಲ್ಲಿ ಅದನ್ನು ಬಂಗಾಳದ ಇಶಾಪುರ್ ರೈಫಲ್ ಕಾರ್ಖಾನೆ 7.62 ಮಿ.ಮೀ. ಅಳತೆಯಲ್ಲಿ ಮಾಡಿತು. ರೆಗ್ಯುಲೇಟರ್ ಅಂದ ಕೂಡಲೇ ಅದು ಪಿಸ್ಟನ್‌ಗೆ ಹೋಗುವ ಗ್ಯಾಸಿನ ಬಾಯಿಯನ್ನು ಹಿರಿದು-ಕಿರಿದು ಮಾಡುತ್ತದೆ ಅನಿಸುತ್ತದೆ. ಇಲ್ಲಿ ಹಾಗಲ್ಲ. ಬೇಕಾದ್ದಕ್ಕಿಂತ ಹೆಚ್ಚು ಗ್ಯಾಸ್ ತೆಗೆದುಕೊಂಡು, ಬೇಡದ್ದನ್ನು ಹೊರಗೆ ಬಿಡುವ ಕಿಂಡಿ ಇದೆ. ಕಿಂಡಿ ದೊಡ್ಡದು ಮಾಡಿದರೆ ಪಿಸ್ಟನ್‌ಗೆ ಕಡಿಮೆ, ಮುಚ್ಚುತ್ತಾ ಬಂದರೆ ಜಾಸ್ತಿ. ಹಾರಿಸಿ ನೋಡುತ್ತಾ ಒಂದೊಂದೇ ಕ್ಲಿಕ್ ಮುಚ್ಚುತ್ತಾರೆ. ರೈಫಲ್ ಸರಿಯಾಗಿ ಓಡಲು ಶುರುವಾದ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲಿಸುತ್ತಾರೆ. ಆ ಹೆಚ್ಚಿನ ಪಾಲು ಮಸಿಗೂ ಚಳಿಗೂ ಇಟ್ಟ ಮೀಸಲು. ಗ್ಯಾಸನ್ನು ಪೂರ್ತಿ ಬಂದ್ ಮಾಡುವ ವ್ಯವಸ್ಥೆಯೂ ಇದೆ. ನಳಿಕೆಯ ತುದಿಯಿಂದ ಗ್ರೆನೇಡ್ ಹಾರಿಸುವಾಗ ಎಲ್ಲ ಶಕ್ತಿ ಮುಂದಕ್ಕೇ ಹೋಗಬೇಕು. ಆಗ ಎಸ್‌ಎಲ್‌ಆರ್ ತಾತ್ಕಾಲಿಕವಾಗಿ 303ರಂತೆ ಕೈಯಿಂದ ಎಳೆಯುವ ರೈಫಲ್ ಆಗಿಬಿಡುತ್ತದೆ.

ಚಳಿ ಅಂದೆ. ಧಾರವಾಡ ಜಿಲ್ಲೆಯವರಿಗೆ ಸಿಯಾಚಿನ್ ಬರೀ ಭೂಪಟದ ಹೆಸರಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಅಲ್ಲಿನ ಹಿಮಕುಸಿತದಲ್ಲಿ ಸಿಲುಕಿ, ಆಮೇಲೆ ಪ್ರಾಣ ಬಿಟ್ಟರು. ಮನುಷ್ಯರಿಗೇ ಅಷ್ಟು ಕಷ್ಟವಾದ ಜಾಗದಲ್ಲಿ ಯಂತ್ರಕ್ಕೂ ಸುಖವಿಲ್ಲ. ಮದ್ದು ತಣ್ಣಗಿದ್ದರೆ ಒತ್ತಡ ಕಡಿಮೆ ಏಳುತ್ತದೆ. ಗ್ಯಾಸ್ ತಣ್ಣನೆಯ ಲೋಹಕ್ಕೆ ತಾಗಿ ಶಾಖ ಕಳೆದುಕೊಳ್ಳುತ್ತದೆ. ಮಾಮೂಲಿ ಎಣ್ಣೆ ಅಂಟಿನಂತಾಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಸರಿಹೊಂದಿಸಿದ ರೈಫಲ್ ಅಲ್ಲಿ ಮುಗ್ಗರಿಸಿದರೆ ಆಶ್ಚರ್ಯವಿಲ್ಲ. ಸಹರಾದಿಂದ ಉತ್ತರ ಯುರೋಪಿನವರೆಗೆ ಮಾರಾಟವಾಗಬೇಕಿದ್ದ ರೈಫಲ್‌ಗೆ ರೆಗ್ಯುಲೇಟರ್ ಯಾಕೆ ಬೇಕಾಯಿತು ಅನ್ನೋದು ಇಲ್ಲಿ ಸ್ಪಷ್ಟ. ಎಸ್‌ಎಲ್‌ಆರ್ ನಂತರ ಬಂದ 5.56 ಮಿ.ಮೀ. ಇನ್ಸಾಸ್‌ನಲ್ಲಿ ಎಕೆಯ ಉದ್ದ ಪಿಸ್ಟನ್ನನ್ನೂ ಎಸ್‌ಎಲ್‌ಆರ್ ಮಾದರಿಯ ರೆಗ್ಯುಲೇಟರನ್ನೂ ಕೂಡಿಸಿದರು.

ಎಕೆ-47 ಬೇರೆ ದಾರಿ ಹಿಡಿಯಿತು. ರೆಗ್ಯುಲೇಟರ್ ಇಲ್ಲವೇ ಇಲ್ಲ. ಎಂಥ ಹೊತ್ತಿನಲ್ಲೂ ಸಾಕಾಗುವಷ್ಟು, ಅಂದರೆ ಮಾಮೂಲಿ ದಿನಕ್ಕೆ ಜಾಸ್ತಿಯೇ ಅನ್ನುವಷ್ಟು, ಗ್ಯಾಸ್ ಕೊಟ್ಟುಬಿಟ್ಟರು. ಸೈನಿಕ ತಿರುಪು ತಿರುವಿ ಕೆಡಿಸುವ ಪ್ರಶ್ನೆಯೇ ಇಲ್ಲ. ಬೆಲೆ ಧಕ್ಕೆಯ ರೂಪದಲ್ಲಿ ತೆರಬೇಕು. ಎಕೆಯನ್ನು ಸ್ವಚ್ಛ ಮಾಡುವುದೇ ಬೇಡ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಎಕೆಗೂ ತುಕ್ಕು ಹಿಡಿಯುತ್ತದೆ.

ಈಗ ನಮ್ಮ ಸೈನ್ಯದಲ್ಲಿ ಬೇರೆ ಬೇರೆ ಮನೆತನದ ರೈಫಲ್‌ಗಳಿವೆ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುತ್ತಿರುವ ಎಕೆ-203 ಉದ್ದ ಪಿಸ್ಟನ್ನಿನ ವಂಶದ್ದು. 2019ರಲ್ಲಿ 72,400 ಸಂಖ್ಯೆಯಲ್ಲಿ ಕೊಳ್ಳಲು ಒಪ್ಪಂದವಾದ ಸಿಗ್ 716 ಇನ್ನೊಂದು. ಸಿಗ್ 716ರ ಗಿಡ್ಡ ಪಿಸ್ಟನ್ನಿನ ಮಾದರಿಯಲ್ಲಿ ಗ್ಯಾಸ್ ಹೊಂದಿಸುವ ವಾಲ್ವ್ ಇದೆ. ಸೈಲೆನ್ಸರ್ ಹಾಕಿದಾಗ ಇಂಥ ವಾಲ್ವ್ ತುಂಬ ಕೆಲಸಕ್ಕೆ ಬರುತ್ತದೆ. ಗುಂಡು ನಳಿಕೆ ಬಿಟ್ಟ ಮೇಲೂ ಸೈಲೆನ್ಸರ್ ಗ್ಯಾಸನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದಲ್ವಾ? ಅಷ್ಟು ಹೊತ್ತೂ ಪೋರ್ಟಿಗೆ ಒತ್ತಡ ಸಿಗುತ್ತಲೇ ಇರುತ್ತದೆ. ವಾಲ್ವ್ ಇಳಿಸದಿದ್ದರೆ ಜಾಸ್ತಿ ಗ್ಯಾಸಿನ ತೊಂದರೆಗಳೆಲ್ಲ ಒಟ್ಟಿಗೆ ಬರುತ್ತವೆ, ಜೊತೆಗೆ ಹಾರಿಸುವವರ ಮುಖಕ್ಕೆ ಖಾರದ ಹೊಗೆ.

ಗ್ಯಾಸ್ ಪೋರ್ಟೇ ಇಲ್ಲದೆ ತಾನೇ ಲೋಡ್ ಆಗುವ ರೈಫಲ್‌ಗಳೂ ಇವೆ. ಜರ್ಮನಿಯ ಜಿ3 ಅಂಥದ್ದು. ನಮ್ಮ ಎನ್‌ಎಸ್‌ಜಿ ಕಮಾಂಡೋಗಳ ಕೈಯಲ್ಲಿ ಕಾಣುವ ಎಂಪಿ5 ಕೂಡ ಅದೇ ಮನೆತನದ್ದು. ಅವುಗಳಲ್ಲಿ ಕೇಸಿನ ಬುಡವೇ ಬೋಲ್ಟನ್ನು ಹಿಂದಕ್ಕೆ ಒತ್ತುತ್ತದೆ, ಸಣ್ಣ ಉರುಳೆಗಳು ಅದನ್ನು ತಡೆದು ತಡಮಾಡುತ್ತವೆ. ಒತ್ತಡ ಇರುವಾಗಲೇ ಕೇಸ್ ಸರಿಯಲು ಶುರುವಾಗುವುದರಿಂದ ಅದು ಗೋಡೆಗೆ ಅಂಟಬಾರದು. ಅದಕ್ಕೆ ಚೇಂಬರಿನ ಗೋಡೆಯಲ್ಲಿ ಉದ್ದುದ್ದ ಗೀರುಗಾಲುವೆ ಕೊರೆದು, ಕೇಸಿನ ಹೊರಮೈಗೂ ಗ್ಯಾಸ್ ಹರಿಯುವಂತೆ ಮಾಡಿದ್ದಾರೆ. ಜಿ3ಯಿಂದ ಹೊರಬಿದ್ದ ಖಾಲಿ ಕೇಸನ್ನು ಎತ್ತಿಕೊಂಡರೆ ಸುತ್ತಲೂ ಕಪ್ಪು ಪಟ್ಟಿಗಳು ಕಾಣುತ್ತವೆ, ಯಾವ ರೈಫಲ್‌ನದು ಅಂತ ಬೇರೆ ಕೇಳಬೇಕಾಗಿಲ್ಲ.